ಇಳಿಜಾರಿಗೆ ವಾಸ್ತು ನೋಡಿಸಿದ್ದು

ಹೋದ ಶನಿವಾರ ನಮ್ಮಪ್ಪ ಅಂಗಡಿಯಿಂದ ಮಣ್ಣು ಕೊಂಡು ತಂದರು. ಅಕ್ಕಿ ಮೂಟೆಯಂಥ ದಪ್ಪ ಪ್ಲಾಸ್ಟಿಕ್ ಚೀಲ. ಮೇಲೆ ಟೊಮೇಟೊ ಹಿಡಿದು ನಗುತ್ತಿರುವ ಒಬ್ಬ ಹೆಂಗಸಿನ ಚಿತ್ರ. ಆಕೆಯ ಉಗುರಿನ ಸಂದಿಯಲ್ಲೂ ಒಂದು ಚೂರು ಮಣ್ಣಿಲ್ಲ. ಚೀಲದ ಬೆನ್ನಿಗೆ ಸೂಚನೆಗಳು: ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಚೀಲವನ್ನು ಮುಖದಿಂದ ದೂರ ಹಿಡಿದು ನಿಧಾನವಾಗಿ ಕತ್ತರಿಸಿ, ಧೂಳು ಉಸಿರಿಗೆಳೆದುಕೊಳ್ಳಬೇಡಿ. ನಮ್ಮ ಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆಸಿಡ್ ಬಾಟಲಿಗೂ ಇಷ್ಟು ಮರ್ಯಾದೆ ಇಲ್ಲ. ಅಪ್ಪ ನಿಯಮ ಪಾಲಿಸುವ ಮನುಷ್ಯ. ಗ್ಲೌಸ್, ಮಾಸ್ಕ್, ಅದರ ಮೇಲೆ ನನ್ನ ಸ್ವಿಮ್ಮಿಂಗ್ ಕನ್ನಡಕ ಹಾಕಿಕೊಂಡು, ಬಾಂಬ್ ಬಿಚ್ಚುವವರ ಹಾಗೆ ಚೀಲದ ಮೂಲೆ ಕತ್ತರಿಸಿದರು. ಕನ್ನಡಕ ನಾನು ಸೇರಿಸಿದ್ದು. ಉಳಿದದ್ದೆಲ್ಲ ನಿಜ.

ಚೀಲದೊಳಗಿನಿಂದ ವಾಸನೆ ಬಂತು. ಒದ್ದೆ, ಸ್ವಲ್ಪ ಅಣಬೆ, ಸ್ವಲ್ಪ ಮರದ ತೊಗಟೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸಿ ಕಿಟಕಿಯಿಂದ ನೋಡಿದಳು. ಮತ್ತೆ ನಲ್ಲಿ ತಿರುಗಿಸಿದಳು, ಸ್ವಲ್ಪ ಜೋರಾಗಿಯೇ. ಆ ಸದ್ದಿನಲ್ಲಿ ನಾಲ್ಕು ವರ್ಷ ಹಳೆಯ ಬೈಗುಳವೊಂದಿದೆ ಅಂತ ಅಪ್ಪನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ಮಣ್ಣನ್ನು ಕೊಂಡು ತರುವುದಕ್ಕೆ ನೀವೇನು ಮರುಭೂಮಿಯಲ್ಲಿದ್ದೀರಾ ಅಂತ ನೀವು ಕೇಳಬಹುದು. ಇಲ್ಲ, ನಾವಿರುವುದು ಆಕ್ಲೆಂಡಿನ ಪೂರ್ವದ ಅಂಚಿನ ಫ್ಲ್ಯಾಟ್ ಬುಷ್‌ನಲ್ಲಿ. ನ್ಯೂಜಿಲೆಂಡ್ ಅಂದರೆ ನಿಮ್ಮ ಕ್ಯಾಲೆಂಡರುಗಳಲ್ಲಿ ಬರುತ್ತದಲ್ಲ, ಹಸಿರು ಗುಡ್ಡ, ಅದರ ಮೇಲೆ ಹತ್ತಿ ಚೆಲ್ಲಿದ ಹಾಗೆ ಕುರಿಗಳು, ಅಂಥ ಗುಡ್ಡಗಳು ನಮ್ಮಲ್ಲೂ ಬೇಕಾದಷ್ಟಿದ್ದವು. ನಾವು ಸೈಟು ಹುಡುಕಲು ಶುರುಮಾಡಿದ ಹೊತ್ತಿಗೆ ಅವಕ್ಕೆ ಕ್ಷೌರ ನಡೆದಿತ್ತು. ಬೆಳಗ್ಗೆ ಏಳಕ್ಕೆಲ್ಲ ಹಳದಿ ಯಂತ್ರಗಳು ಬಂದು, ನೆತ್ತಿಯಿಂದ ಬುಡದವರೆಗೆ ಹುಲ್ಲಿನ ಸಮೇತ ಕಪ್ಪು ಮಣ್ಣನ್ನು ಕೆರೆದು ಒಂದು ಪಕ್ಕಕ್ಕೆ ರಾಶಿ ಹಾಕುತ್ತಿದ್ದವು. ಕೆಳಗಿಂದ ಹಳದಿ ಜೇಡಿ, ಚರ್ಮ ಸುಲಿದ ಮಂಡಿಯ ಹಾಗೆ, ಹೊರಗೆ ಬರುತ್ತಿತ್ತು. ಮಳೆ ಬಂದರೆ ಕೆಳಗಿನ ತೊರೆ ಪೂರ್ತಿ ಸ್ಟ್ರಾಂಗ್ ಕಾಫಿ. ಕಪ್ಪು ಮಣ್ಣು ಲಾರಿ ಹತ್ತಿ ಎಲ್ಲಿಗೋ ಹೋಗುತ್ತಿತ್ತು. ಜರಡಿ ಹಿಡಿದು ಚೀಲಕ್ಕೆ ತುಂಬುತ್ತಾರಂತೆ. ಅಪ್ಪ ಈಗ ತಂದ ಚೀಲದಲ್ಲಿರುವುದು ನಮ್ಮ ಗುಡ್ಡವೇ ಅಂತ ನನಗೆ ಗುಮಾನಿ. ಚೀಲದ ಮೇಲಿನ ಹೆಂಗಸು ಬಾಯಿ ಬಿಡುತ್ತಿಲ್ಲ.

ಹೀಗೆ ಬೋಳಿಸಿದ ಮೇಲೆ ರಸ್ತೆ ಹಾಕುತ್ತಾರೆ. ರಸ್ತೆಗೆ ಅಲ್ಲಿಂದ ಓಡಿಸಿದ ಹಕ್ಕಿಯದೋ ಕಡಿದ ಮರದ್ದೋ ಹೆಸರಿಡುತ್ತಾರೆ. ಇಲ್ಲಿಯ ಶ್ರಾದ್ಧದ ಕ್ರಮವೇ ಅದು.

ನಮ್ಮ ಸೈಟು ಬಡಾವಣೆಯ ಕಟ್ಟಕಡೆಯದು, ಇಳಿಜಾರಿನದು. ಆ ಮೂಲೆಯಲ್ಲಿ ದೊಡ್ಡ ಯಂತ್ರ ತಿರುಗಲು ಜಾಗವಿರಲಿಲ್ಲವಾದ್ದರಿಂದ ಹಳೆಯ ಹುಲ್ಲುಗಾವಲಿನ ಮಣ್ಣು ಹಾಗೇ ಉಳಿದಿತ್ತು. ಸೈಟು ಮಾರುವವನು ಅದಕ್ಕೆ ಕ್ಷಮೆ ಬೇರೆ ಕೇಳಿದ. ಅವನು ಸಾರಿ ಹೇಳುತ್ತಿರುವಾಗಲೇ ಅಮ್ಮ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಮಧ್ಯೆ ಕೈ ಇಳಿಸಿದಳು. ಕೈ ಬಳೆಯವರೆಗೆ ಒಳಗೆ ಹೋಯಿತು. ನಾನು ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಈ ಕಥೆ ಹೇಳುವಾಗ ಮೊಣಕೈಯವರೆಗೆ ಅನ್ನುತ್ತೇನೆ.

"ಇದೇ ಇರ್ಲಿ ರೀ," ಅಂದಳು ಅಮ್ಮ.

"ಮನೆ ಪ್ಲಾನ್ ನೋಡೋದು ಬೇಡ್ವಾ?"

"ಮನೆ ಯಾವ್ದಾದ್ರೂ ಕಟ್ಕೊಳ್ಳಿ."

ಅಮ್ಮ ರೈತರ ಮಗಳೇನಲ್ಲ. ಮೈಸೂರಿನ ನಟ್ಟನಡುವೆ, ಎರಡನೇ ಮಹಡಿಯಲ್ಲಿ ಬೆಳೆದವಳು. ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆದರೆ ಅವಳಿಗೆ ಅವರೆಕಾಯಿಯ ಹುಚ್ಚು. ಬೇರೆಯವರು ದೇಶ ಬಿಟ್ಟದ್ದಕ್ಕೆ ತಂದೆ ತಾಯಿಯನ್ನು ನೆನೆದು ಅಳುತ್ತಾರೆ, ನಮ್ಮಮ್ಮ ಸೊಗಡವರೆ ನೆನೆದು ಮೂಗು ಒರೆಸಿಕೊಳ್ಳುತ್ತಿದ್ದಳು. ಮೊದಲ ನಾಲ್ಕು ವರ್ಷ ನಾವಿದ್ದ ಬಾಡಿಗೆ ಮನೆಯ ಕರಾರಿನಲ್ಲಿ ಲಾನ್ ಅಗೆಯಬಾರದು ಅಂತ ಬರೆದಿತ್ತು. ಆದ್ದರಿಂದ ಎರಡು ಲೀಟರಿನ ಐಸ್ ಕ್ರೀಮ್ ಡಬ್ಬಗಳಲ್ಲಿ ಮೆಂತ್ಯ, ಕೊತ್ತಂಬರಿ. ಡಬ್ಬ ಖಾಲಿಯಾಗಲಿ ಅಂತ ನಾನು ಎಷ್ಟು ಐಸ್ ಕ್ರೀಮ್ ತಿಂದು ತ್ಯಾಗ ಮಾಡಿದೆ ಅನ್ನುವುದು ಆ ಕಾಲದ ಫೋಟೋಗಳಲ್ಲಿ ನನ್ನ ಕೆನ್ನೆ ನೋಡಿದರೆ ಗೊತ್ತಾಗುತ್ತದೆ. ಅವರೆಗೆ ಡಬ್ಬ ಸಾಲದು. ಅದಕ್ಕೆ ನೆಲ ಬೇಕು. ಅಮ್ಮನಿಗೆ ಬೇಕಾಗಿದ್ದುದು ಅದೊಂದೇ: ಬೇರು ತನಗೆ ತೋಚಿದಷ್ಟು ಕೆಳಗೆ ಹೋಗಬಹುದಾದ, ಯಾರನ್ನೂ ಕೇಳದೆ ಅಗೆಯಬಹುದಾದ ನೆಲ.

ಅಕ್ಟೋಬರಿನಲ್ಲಿ ಮನೆ ಸಿಕ್ಕಿತು. ಗ್ಯಾಸ್ ಒಲೆ ಹಚ್ಚುವ ಮುಂಚೆಯೇ ಅಮ್ಮ ಉತ್ತರದ ಬೇಲಿಯ ಪಕ್ಕ ನಾಲ್ಕಡಿ ಅಗಲದ ಒಂದು ಪಾತಿ ಮಾಡಿದಳು. ಇಲ್ಲೇ ಹತ್ತಿರದ ತಕಾನಿನಿ ಕಡೆಯ ಫಿಜಿ ಇಂಡಿಯನ್ ತರಕಾರಿ ಅಂಗಡಿಯ ಆಂಟಿ ತಮ್ಮ ಹಿತ್ತಲಿನ ಬಳ್ಳಿಯದು ಅಂತ ಹನ್ನೊಂದು ಅವರೆ ಬೀಜ ಕೊಟ್ಟಿದ್ದರು. ಹನ್ನೊಂದೂ ಮೊಳೆತವು. ಅಮ್ಮ ದಿನಾ ಕೆಲಸದಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಮೊದಲು ಅಲ್ಲಿಗೇ ಹೋಗುತ್ತಿದ್ದಳು. ನನಗೆ ಜ್ವರ ಬಂದಾಗಲೂ ಅಷ್ಟು ಸಲ ಮುಟ್ಟಿ ನೋಡಿದ್ದು ನನಗೆ ನೆನಪಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ನಾವು ಈಗ ಅವರೆಕಾಯಿ ಉಪ್ಪಿಟ್ಟು ತಿನ್ನುತ್ತಿರುತ್ತಿದ್ದೆವು. ಆದರೆ ಆ ಮಾರ್ಚಿನಲ್ಲಿ ನಮ್ಮ ಮನೆಗೆ ಒಂದರ ಹಿಂದೊಂದು ವಿಪತ್ತುಗಳು ಬಂದವು. ಅಪ್ಪ ಕಾರು ರಿವರ್ಸ್ ತೆಗೆಯುವಾಗ ನಮ್ಮದೇ ಲೆಟರ್ ಬಾಕ್ಸಿಗೆ ಗುದ್ದಿದರು. ಮೈಕ್ರೋವೇವ್ ಸತ್ತಿತು. ನಾನು ಗಣಿತದಲ್ಲಿ ಫೇಲಾದೆ. ಮೂರಕ್ಕೂ ಮೂರು ಬೇರೆ ಬೇರೆ ಕಾರಣಗಳಿದ್ದವು, ಮೂರನೆಯದಕ್ಕಂತೂ ನಾನೇ ಕಾರಣ. ಅಪ್ಪ ಮಾತ್ರ ಶೇಷಾದ್ರಿ ಅಂಕಲ್‌ಗೆ ಫೋನ್ ಮಾಡಿದರು.

ಶೇಷಾದ್ರಿ ಅಂಕಲ್ ವಾರದ ಐದು ದಿನ ಒಂದು ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ, ಉಳಿದೆರಡು ದಿನ ಆಕ್ಲೆಂಡಿನ ಕನ್ನಡದವರ ಮನೆಗಳ ದಿಕ್ಕುಗಳನ್ನು. ಸಂಭಾವನೆ ಮುಟ್ಟುವುದಿಲ್ಲ, ಬಿಸಿಬೇಳೆ ಬಾತ್ ಮಾತ್ರ. ಅಂಗೈಯಗಲದ ಹಿತ್ತಾಳೆ ದಿಕ್ಸೂಚಿ ಹಿಡಿದು ನಮ್ಮ ಹಿತ್ತಲಿನಲ್ಲಿ ಮೂರು ಸುತ್ತು ಹಾಕಿ, ಎದೆಗೆ ಕೈ ಇಟ್ಟುಕೊಂಡು ನಿಂತರು.

"ಏನ್ ಸ್ವಾಮಿ ಇದು! ಈಶಾನ್ಯ ಎತ್ತರ, ನೈಋತ್ಯ ತಗ್ಗು! ಸಂಪತ್ತೆಲ್ಲ ಬೇಲಿ ದಾಟ್ಕೊಂಡು ಕೆಳಗಿನ ಮನೆಗೆ ಹರೀತಿದೆಯಲ್ರೀ."

ಕೆಳಗಿನ ಮನೆ ಮೆಲೆ ಆಂಟಿಯದು. ಟೋಂಗಾದವರು, ಬಡಾವಣೆ ಹುಟ್ಟುವ ಮೊದಲಿಂದ ಅಲ್ಲಿರುವವರು. ಅವರ ವ್ಯಾನಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿರುತ್ತಿದ್ದರು. ನಮ್ಮ ಸಂಪತ್ತು ಇನ್ನೂ ದಾರಿಯಲ್ಲಿತ್ತು ಅಂತ ಕಾಣುತ್ತದೆ. ಬೇಲಿಗೆ ಒತ್ತಿಕೊಂಡಂತೆ ಅವರ ಕೆಸುವಿನ ತೋಟ, ಆನೆ ಕಿವಿಯಂಥ ಎಲೆಗಳು.

"ಪರಿಹಾರ?" ಅಪ್ಪನ ಧ್ವನಿ ಆಪರೇಷನ್ ಥಿಯೇಟರಿನ ಹೊರಗಿನದು.

"ಏನಿಲ್ಲ, ಮಣ್ಣು ಶಿಫ್ಟ್ ಮಾಡಿಸ್ಬಿಡಿ. ಅಲ್ಲಿಂದ ತೆಗ್ದು ಇಲ್ಲಿಗೆ ಹಾಕಿ. ಅಷ್ಟೇ."

"ಅಷ್ಟೇನಾ?" ಅಮ್ಮ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮಣ್ಣೇನು ಸೋಫಾನ, ಈ ಮೂಲೆಯಿಂದ ಆ ಮೂಲೆಗೆ ತಳ್ಳೋಕೆ?"

ಅಂಕಲ್ ಬಾತ್ ಇನ್ನೊಂದು ಸೌಟು ಹಾಕಿಸಿಕೊಂಡರು. ಅಪ್ಪ ಅಮ್ಮನಿಗೆ ಮಾತು ಕೊಟ್ಟರು: ಅವರೆ ಪಾತಿಗೆ ಯಾರೂ ಕೈ ಹಚ್ಚುವುದಿಲ್ಲ. ನಾಲ್ಕು ಕಡ್ಡಿ ನೆಟ್ಟು, ಹಗ್ಗ ಕಟ್ಟಿ, ಅದಕ್ಕೆ ಕೆಂಪು ರಿಬ್ಬನ್ ಇಳಿಬಿಟ್ಟರು. ಅಂತರರಾಷ್ಟ್ರೀಯ ಗಡಿಗಳಿಗೆ ಅಷ್ಟು ಅಚ್ಚುಕಟ್ಟು ಇರುವುದಿಲ್ಲ.

ಏಪ್ರಿಲಿನಲ್ಲಿ, ಇಲ್ಲಿಗೆ ಚಳಿ ಕಾಲಿಡುವ ಹೊತ್ತಿಗೆ, ಶೇನ್ ಬಂದ. ಲಾರಿಯ ಮೇಲೆ ಅವನ ಮಣ್ಣು ಅಗೆಯುವ ಯಂತ್ರ. ಇಲ್ಲಿ ಅದಕ್ಕೆ ಡಿಗ್ಗರ್ ಅನ್ನುತ್ತಾರೆ. ಚಳಿಯಲ್ಲೂ ಚಡ್ಡಿ, ಮಂಡಿ ಮುಟ್ಟುವ ಗಮ್ ಬೂಟು. ಅಪ್ಪ ಅವನಿಗೆ ಇಂಗ್ಲಿಷಿನಲ್ಲಿ ವಾಸ್ತು ವಿವರಿಸಿದರು. ಎನರ್ಜಿ ಅಂದರು, ಫ್ಲೋ ಅಂದರು, ಕೈಯಲ್ಲಿ ಗಾಳಿಯನ್ನು ಆಚೆ ಈಚೆ ತಳ್ಳಿ ತೋರಿಸಿದರು. ಶೇನ್ ಗಡ್ಡ ಕೆರೆದುಕೊಂಡ.

"ಯೆಹ್, ನಾ," ಅಂದ. ಹೌದು, ಇಲ್ಲ ಅಂತ ಒಂದೇ ಉಸಿರಿನಲ್ಲಿ. ಇಲ್ಲಿಯವರಿಗೆ ಬೇಡ ಅನ್ನುವುದಕ್ಕೆ ಇದಕ್ಕಿಂತ ಕಟುವಾದ ಮಾತು ಗೊತ್ತಿಲ್ಲ. "ಚಳಿಗಾಲ ಬರ್ತಿದೆ ಮೇಟ್. ಹುಲ್ಲು ಕಿತ್ತಾಕಿ ರಾಶಿ ಹಾಕಿದ್ರೆ ಮಣ್ಣು ನಿಲ್ಲಲ್ಲ. ಸ್ಪ್ರಿಂಗ್‌ವರೆಗೂ ಕಾಯಿ."

"ಡೋಂಟ್ ವರಿ. ನಾನು ಇಂಜಿನಿಯರ್," ಅಂದರು ಅಪ್ಪ. ಸಾಫ್ಟ್‌ವೇರ್ ಅನ್ನುವ ಮೊದಲ ಪದ ಆ ದಿನ ರಜದಲ್ಲಿತ್ತು.

ಎರಡು ದಿನದಲ್ಲಿ ಈಶಾನ್ಯ ತಗ್ಗಾಯಿತು, ನೈಋತ್ಯದಲ್ಲಿ ಮೆಲೆ ಆಂಟಿಯ ಬೇಲಿಯ ನೆತ್ತಿಯ ಮೇಲೆ ಒಂದು ಕಪ್ಪು ಗುಡ್ಡ ಎದ್ದಿತು. ಮಣ್ಣು ತೆಗೆದ ಕಡೆ ಹಳದಿ ಜೇಡಿ ಹಲ್ಲು ಕಿಸಿಯುತ್ತಿತ್ತು. ಡಿಗ್ಗರಿನ ಚಕ್ರಪಟ್ಟಿ ಓಡಾಡಿದ ನೆಲ ಎಷ್ಟು ಗಟ್ಟಿಯಾಯಿತೆಂದರೆ ಮೊದಲ ಮಳೆಯ ನೀರು ಇಂಗಲು ದಾರಿ ಕಾಣದೆ ಅಲ್ಲೇ ಕೂತಿತು. ಒಂದು ವಾರದಲ್ಲಿ ಅದರಲ್ಲಿ ಬಾತುಕೋಳಿ ಇಳಿಯಿತು. ಎರೆಹುಳುಗಳು ಮನೆ ಮಠ ಕಳೆದುಕೊಂಡು ಮೇಲೆ ಬಂದು ಒದ್ದಾಡುತ್ತಿದ್ದವು. ಬ್ಲ್ಯಾಕ್‌ಬರ್ಡ್‌ಗಳಿಗೆ ಮದುವೆ ಊಟ. ಎಲ್ಲದರ ಮಧ್ಯೆ ರಿಬ್ಬನ್ನಿನೊಳಗೆ ಅಮ್ಮನ ಪಾತಿ ಮಾತ್ರ ಹಸಿರು ದ್ವೀಪ. ಅವರೆ ಬಿದಿರು ಕಡ್ಡಿ ಹತ್ತಿ ಹೂ ಬಿಟ್ಟಿತ್ತು.

ಇಷ್ಟಾದರೂ ಸರಿಯೇ ಇತ್ತು. ಮೇ ತಿಂಗಳಲ್ಲಿ ಸಂಘದ ಊಟಕ್ಕೆ ಎಲ್ಲ ಸೇರಿದ್ದಾಗ ಶೇಷಾದ್ರಿ ಅಂಕಲ್‌ರ ಹೆಂಡತಿ ವತ್ಸಲಾ ಆಂಟಿ, ಅವರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು, ಹೋಳಿಗೆ ಬಡಿಸುತ್ತಾ ಒಂದು ಪ್ರಶ್ನೆಯನ್ನೂ ಬಡಿಸಿದರು.

"ಅಲ್ರೀ, ನಮ್ಮೂರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲ್ಕೊಂಡು ಹೋಗ್ತಾನೆ, ಇಲ್ಲಿ ಉತ್ತರಕ್ಕೆ. ನಿಮ್ಮ ಶಾಸ್ತ್ರ ಬರೆದೋರು ಸೂರ್ಯನ್ನ ನೋಡಿ ಬರೆದಿದ್ದು ತಾನೆ? ಹಾಗಾದ್ರೆ ಇಲ್ಲಿ ಎಲ್ಲ ಉಲ್ಟಾ ಆಗ್ಬೇಕಲ್ಲ?"

ಇಡೀ ಸಭಾಂಗಣದಲ್ಲಿ ಹೋಳಿಗೆ ಅಗಿಯುವ ಸದ್ದು ನಿಂತಿತು. ಎಷ್ಟು ಮನೆಗಳ ಅಡುಗೆಮನೆ ಎಷ್ಟು ಗೋಡೆ ಒಡೆಸಿಕೊಂಡು ಆಗ್ನೇಯಕ್ಕೆ ಹೋಗಿತ್ತೋ! ಅಂಕಲ್ ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ತಾವೇ ಫೋನ್ ಮಾಡಿ, ಆಳವಾಗಿ ಅಧ್ಯಯನ ಮಾಡಿದ್ದೇನೆ, ದಕ್ಷಿಣ ಗೋಳಾರ್ಧಕ್ಕೆ ಎಲ್ಲವೂ ತಿರುಗುಮುರುಗು ಅಂತ ತೀರ್ಪು ಕೊಟ್ಟರು. ಪೂರ್ವ ಪಶ್ಚಿಮ ಉಲ್ಟಾ ಆಗಿಲ್ಲವಲ್ಲ ಅಂತ ನಾನು ಕೇಳಿದೆ. ದೊಡ್ಡವರ ಮಧ್ಯೆ ಮಾತಾಡಬಾರದು ಅಂತ ಅದಕ್ಕೂ ಒಂದು ತೀರ್ಪು ಬಂತು.

"ಒಳ್ಳೇದೇ ಆಯ್ತು," ಅಂದರು ಅಪ್ಪ, ನಿಜವಾಗಿಯೂ ಖುಷಿಯಿಂದ. "ತೆಗೆದಿದ್ದನ್ನ ವಾಪಸ್ ಹಾಕ್ಸಿದ್ರೆ ಮೊದ್ಲಿದ್ದ ಹಾಗೇ ಆಗತ್ತೆ. ನಷ್ಟ ಏನು?"

"ಮೊದ್ಲಿದ್ದ ಹಾಗೆ ಅಂತೆ! ಈ ದೋಸೇನ ವಾಪಸ್ ಹಿಟ್ಟು ಮಾಡಿ, ನೋಡೋಣ," ಅಂದಳು ಅಮ್ಮ. ಕೈಯಲ್ಲಿ ಮಗುಚುವ ಕೈ ಇತ್ತು, ಆದ್ದರಿಂದ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

ಜೂನಿನಲ್ಲಿ ಶೇನ್ ಮತ್ತೆ ಬಂದ. ಈ ಸಲ ಯಾಕೆ ಅಂತ ಕೇಳಲೇ ಇಲ್ಲ. ಆ ಹೊತ್ತಿಗೆ ಅವರೆಕಾಯಿ ತುಂಬಿ ನಿಂತಿತ್ತು. ಚಳಿಗೆ ಸಿಪ್ಪೆಯ ಮೇಲೆ ಅಂಟು ಅಂಟು ಸೊಗಡು. ಅಮ್ಮ ಬೆರಳಿಗೆ ಸವರಿಕೊಂಡು ಮೂಸಿ, ನನಗೂ ಮೂಸಿಸಿದಳು, ಬಸ್ ಡ್ರೈವರಿಗೆ ಮೂಸಿಸುವುದೊಂದು ಬಾಕಿ. ಬರುವ ಭಾನುವಾರ ಹಿತಕಿದವರೆ ಸಾರು ಅಂತ ಆರು ಮನೆಯವರನ್ನು ಊಟಕ್ಕೆ ಕರೆದಿದ್ದಳು. ಇನ್ನು ನಾಲ್ಕೇ ದಿನ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಅಪ್ಪನಿಗೆ, "ರಿಬ್ಬನ್ ಒಳಗೆ ಒಂದು ಹೆಜ್ಜೆ ಬೇಡ," ಅಂದಳು. ಅಪ್ಪ, "ನಾನು ಇರ್ತೀನಲ್ಲ," ಅಂದರು.

ಇಲ್ಲಿಂದ ಮುಂದೆ ಹತ್ತು ನಿಮಿಷದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಈ ಕಥೆಯನ್ನು ಯುಗಾದಿಗೊಂದು ಸಲ, ದೀಪಾವಳಿಗೊಂದು ಸಲ ಸಂಘದ ಸ್ಟೇಜಿನ ಮೇಲೆ ಅಪ್ಪನ ನಡಿಗೆ, ಅಂಕಲ್‌ರ ಧ್ವನಿ ಎಲ್ಲ ಮಾಡಿ ತೋರಿಸಿ ಶಿಳ್ಳೆ ಹೊಡೆಸಿಕೊಂಡಿದ್ದೇನೆ. ಪ್ರತಿ ಸಲವೂ ಇಲ್ಲಿ ಒಂದು ಹಾರು ಹಾರಿ ನೇರ ಮಳೆಗೆ ಹೋಗುತ್ತೇನೆ. ಈ ಸಲ ಹಾರುವುದಿಲ್ಲ.

ನನಗೆ ಆಗ ಹದಿಮೂರು. ಸ್ಕೂಲಿಗೆ ರಜ. ನನ್ನ ಮೂವರು ಫ್ರೆಂಡ್ಸ್ ಬೇಲಿಯ ಮೇಲೆ ಗದ್ದ ಇಟ್ಟುಕೊಂಡು ಡಿಗ್ಗರ್ ನೋಡುತ್ತಿದ್ದರು. ಅಪ್ಪ ಅಡುಗೆಮನೆಯ ಕಿಟಕಿಯ ಹತ್ತಿರ ಶೇಷಾದ್ರಿ ಅಂಕಲ್ ಜೊತೆ ಫೋನಿನಲ್ಲಿದ್ದರು. ಇಂಥ ಸಭೆ ಸೇರಿರುವಾಗ ನಾನು ಸುಮ್ಮನೆ ಪ್ರೇಕ್ಷಕಿಯಾಗಿ ನಿಲ್ಲುವವಳಲ್ಲ. ಶೇನ್‌ನ ಹತ್ತಿರ ಹೋಗಿ, ಒಂದೇ ಒಂದು ಬಕೆಟ್ ಮಣ್ಣು ನಾನು ಯಂತ್ರದಲ್ಲಿ ಎತ್ತಲಾ ಅಂತ ಗೋಗರೆದೆ. ಅವನು ತಲೆ ಆಡಿಸಿದ. ಇಂಡಿಯಾದಲ್ಲಿ ನಮ್ಮ ತಾತನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ ಅಂದೆ. ನಮ್ಮ ತಾತ ಪೋಸ್ಟ್ ಆಫೀಸಿನಲ್ಲಿದ್ದವರು.

"ಒಂದು ಸ್ಕೂಪ್. ಆಮೇಲೆ ಇಳೀಬೇಕು," ಅಂದ ಶೇನ್. ನನ್ನನ್ನು ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲೇ ನಿಂತು ಯಾವ ಲಿವರ್ ಏನು ಅಂತ ತೋರಿಸಿದ.

ನಾನು ಎಡಗಡೆಯದನ್ನು ಎಳೆದೆ, ಫ್ರೆಂಡ್ಸ್ ಕಡೆ ನೋಡುತ್ತಾ. ತೋಳು ಸರ್ರನೆ ತಿರುಗಿ ರಿಬ್ಬನ್ ದಾಟಿತು. ಶೇನ್ ಕೂಗಿದ. ಗಾಬರಿಯಲ್ಲಿ ನಾನು ಇನ್ನೊಂದನ್ನು ಮುಂದಕ್ಕೆ ತಳ್ಳಿದೆ. ಬಕೆಟ್ಟಿನ ಹಲ್ಲು ಪಾತಿಯೊಳಗೆ ಇಳಿಯಿತು, ಬೆಣ್ಣೆಗೆ ಚಮಚ ಇಳಿದ ಹಾಗೆ, ಯಾಕೆಂದರೆ ಅಮ್ಮ ಅಷ್ಟು ಮೆತ್ತಗೆ ಇಟ್ಟಿದ್ದಳು. ಮೇಲೆ ಬಂದಾಗ ಬಿದಿರು ಕಡ್ಡಿಗಳು, ಬೇರು, ಬಳ್ಳಿ ಎಲ್ಲ ಒಟ್ಟಿಗೆ ಬಂದವು. ಹಲ್ಲಿನ ಸಂದಿಯಲ್ಲಿ ಅವರೆಕಾಯಿ ಗೊಂಚಲು ನೇತಾಡುತ್ತಿತ್ತು. ಬೇಲಿಯ ಮೇಲಿದ್ದ ಮೂವರೂ ಚಪ್ಪಾಳೆ ಹೊಡೆದರು. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಶೇನ್ ಇಂಜಿನ್ ಆಫ್ ಮಾಡಿದ. ಅಪ್ಪ ಬಚ್ಚಲ ಚಪ್ಪಲಿಯಲ್ಲೇ ಓಡಿ ಬಂದರು. ಒಂದು ಚಪ್ಪಲಿ ಜೇಡಿಯಲ್ಲಿ ಉಳಿಯಿತು. ಬಕೆಟ್ ನೋಡಿದರು, ನನ್ನನ್ನು ನೋಡಿದರು.

"ಇಳಿ ಪುಟ್ಟಿ. ಒಳಗೆ ಹೋಗಿ ಓದ್ಕೋ."

ನಾಲ್ಕು ಗಂಟೆಗೆ ಅಮ್ಮ ಬಂದಳು. ಬ್ಯಾಗು ಹೆಗಲಲ್ಲೇ ಇತ್ತು. ನಾನು ಮೆಟ್ಟಿಲ ಮೇಲೆ ಗಣಿತದ ಪುಸ್ತಕ ತೆರೆದುಕೊಂಡು ಕೂತಿದ್ದೆ.

"ಯಾರು ತೆಗೆದಿದ್ದು?"

"ನಾನೇ ತೆಗೆಸ್ದೆ," ಅಂದರು ಅಪ್ಪ. "ಲೆವೆಲ್ ಬರ್ತಿರ್ಲಿಲ್ಲ."

ನಾಳೆ ಹೇಳಿದರಾಯಿತು ಅಂದುಕೊಂಡೆ. ಅಮ್ಮ ಜೇಡಿಯಲ್ಲಿ ಕೂತು ಸಿಕ್ಕಷ್ಟು ಕಾಯಿ ಬಿಡಿಸಿದಳು. ಎಲ್ಲ ಸೇರಿ ಒಂದು ಸಣ್ಣ ಬೋಗುಣಿ. ಆಮೇಲೆ ಆರು ಮನೆಗಳಿಗೂ ಫೋನ್ ಮಾಡಿ, ಭಾನುವಾರ ಆಗುವುದಿಲ್ಲ, ಡ್ಯೂಟಿ ಬಿತ್ತು ಅಂದಳು. ಹನ್ನೊಂದು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಸ್ಟೇಜಿನ ಮೇಲೆ ನಾನು ನಲವತ್ತೆಂಟು ದಿನ, ಒಂದು ಮಂಡಲ ಅನ್ನುತ್ತೇನೆ. ಮನೆಯೊಳಗಿದ್ದವರಿಗೆ ಹನ್ನೊಂದೇ ಸಾಕಾಗಿತ್ತು.

ಆ ವಾರವೇ ಮಳೆ ಹಿಡಿಯಿತು. ಅಪ್ಪ ಕೆಲಸ ಅಷ್ಟಕ್ಕೇ ನಿಲ್ಲಿಸಿ ಶೇನ್‌ನನ್ನು ವಾಪಸ್ ಕಳಿಸಿದ್ದರಿಂದ ಅರ್ಧ ಗುಡ್ಡ ಇನ್ನೂ ನೈಋತ್ಯದಲ್ಲೇ ಇತ್ತು. ಹೊದಿಕೆಯಿಲ್ಲ, ಹುಲ್ಲಿಲ್ಲ, ಒಂದು ಬೇರಿಲ್ಲ. ಮೂರನೆಯ ದಿನ ಬೆಳಗ್ಗೆ ಕಿಟಕಿಯ ಪರದೆ ಸರಿಸಿದರೆ ಗುಡ್ಡ ಇರಲಿಲ್ಲ. ಅಪ್ಪ ಅದನ್ನು ಒಳ್ಳೆಯ ಶಕುನ ಅಂತ ತಿಳಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಮೆಲೆ ಆಂಟಿ, ಕೊಡೆ ಹಿಡಿದುಕೊಂಡು, ಮೊಣಕಾಲವರೆಗೆ ಕೆಸರು.

"ನಿಮ್ಮ ಬೆಟ್ಟ ನಮ್ಮನೆಗೆ ಬಂದಿದೆ," ಅಂದರು ಇಂಗ್ಲಿಷಿನಲ್ಲಿ, ಬಹಳ ಶಾಂತವಾಗಿ. "ಟೀ ಕುಡೀತೀಯಾ ಅಂತ ಕೇಳ್ದೆ. ಮಾತಾಡ್ತಿಲ್ಲ."

ಕೆಸುವಿನ ತೋಟ ಕುತ್ತಿಗೆಯವರೆಗೆ ಹೂತುಹೋಗಿತ್ತು. ಎಲೆಗಳು ಮಾತ್ರ ಮೇಲೆ, ಮುಳುಗುವವರು ಕೈ ಎತ್ತಿದ ಹಾಗೆ. ಮಿಕ್ಕಿದ್ದು ಅವರ ಅಂಗಳ ದಾಟಿ ತೊರೆಗೆ, ತೊರೆಯಿಂದ ಸಮುದ್ರಕ್ಕೆ. ಅಮ್ಮ ಅಪ್ಪ ಮೂರು ಶನಿವಾರ ಅಲ್ಲಿ ಸನಿಕೆ ಹಿಡಿದರು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಬೆನ್ನು ಹಾಕಿಕೊಂಡು. ಇದನ್ನು ಬಕೆಟ್ಟಿನಲ್ಲಿ ಮೇಲಕ್ಕೆ ಹೊತ್ತು ಪಾತಿಗೆ ಹಾಕಿಕೊಳ್ಳಲಾ ಅಂತ ಅಮ್ಮ ಕೇಳಿದಳು. ಮೆಲೆ ಆಂಟಿ ಜೇಡಿ ಬೆರೆತು ಒಣಗಿದ ಒಂದು ಹೆಂಟೆ ಎತ್ತಿ ಬೇಲಿಯ ಕಂಬಕ್ಕೆ ಕುಟ್ಟಿದರು. ಕಂಬ ಅಲುಗಿತು, ಹೆಂಟೆ ಒಡೆಯಲಿಲ್ಲ.

"ಇದ್ರಲ್ಲಿ ಏನು ಬೆಳೀತೀಯಮ್ಮ? ಬೇಕಾದ್ರೆ ಮನೆ ಕಟ್ಟು." ಆಮೇಲೆ ಅಪ್ಪನ ಕಡೆ ತಿರುಗಿ, "ಏನಾದ್ರೂ ಹೊದ್ದಿಸೋಕೆ ಏನಾಗಿತ್ತು? ಒಂದಿಷ್ಟು ಹುಲ್ಲಿನ ಬೀಜ ಎರಚಿದ್ರೂ ನಿಲ್ತಿತ್ತು," ಅಂದರು.

ಕೌನ್ಸಿಲ್‌ನಿಂದ ಕಿತ್ತಳೆ ಬಣ್ಣದ ಜಾಕೆಟ್ಟಿನವರೊಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ವಾರದಲ್ಲಿ ಕಾಗದ ಬಂತು: ಮಣ್ಣು ಆಚೆ ಹರಿಯದಂತೆ ಕ್ರಮ ತೆಗೆದುಕೊಳ್ಳಿ. ಅಪ್ಪ ತೆಗೆದುಕೊಂಡ ಕ್ರಮದ ಹೆಸರು ಕಾಂಕ್ರೀಟ್.

"ಪೂರ್ತಿ ಹಾಕಿಸ್ಬಿಡ್ತೀನಿ. ಇನ್ನು ಒಂದು ಕಣ ಮಣ್ಣೂ ಆಚೆ ಹೋಗಲ್ಲ," ಅಂದರು. ಆಮೇಲೆ ಮೆಲ್ಲಗೆ, "ಉತ್ತರದ ಬೇಲಿ ಹತ್ರ ನಿಂಗೆ ಸ್ವಲ್ಪ ಬಿಡಿಸ್ಲಾ?"

ಹನ್ನೊಂದು ದಿನದ ಮೇಲೆ ಅಮ್ಮ ಆಡಿದ ಮೊದಲ ಮಾತು ಅದು: "ಯಾಕೆ, ಲೆವೆಲ್ ಬರಲ್ವಲ್ಲ. ಎಲ್ಲಾ ಕಡೆಗೂ ಹಾಕ್ಸಿ."

ಹೊಟ್ಟೆ ತಿರುಗಿಸುತ್ತಾ ಕಾಂಕ್ರೀಟ್ ಲಾರಿ ರಿವರ್ಸ್ ಬರುವಾಗ ಅಮ್ಮ ಕಿಟಕಿಗೆ ಬೆನ್ನು ಹಾಕಿ ಚಪಾತಿ ಲಟ್ಟಿಸುತ್ತಿದ್ದಳು. ಶೇಷಾದ್ರಿ ಅಂಕಲ್ ಬಂದು ದಿಕ್ಸೂಚಿ ಇಟ್ಟು ನೋಡಿ, ಈಗ ಎತ್ತರವೂ ಇಲ್ಲ ತಗ್ಗೂ ಇಲ್ಲ, ದೋಷವೇ ಇಲ್ಲ ಅಂದರು. ಆ ದಿನ ಬಾತ್ ಸಿಗಲಿಲ್ಲ ಅವರಿಗೆ. ಅಂದಿನಿಂದ ಕಾಂಕ್ರೀಟಿನ ಮೇಲೆ ಐಸ್ ಕ್ರೀಮ್ ಡಬ್ಬಗಳು, ಡಬ್ಬಗಳಲ್ಲಿ ಮೆಂತ್ಯ. ನಾಲ್ಕು ವರ್ಷ.

ಹೋದ ಶನಿವಾರ ಚೀಲದ ಮಣ್ಣನ್ನು ಆ ಡಬ್ಬಗಳಿಗೆ ತುಂಬಿ, ಕೈ ತೊಳೆದು, ಅಪ್ಪ ಊಟಕ್ಕೆ ಕೂತರು. ಅಮ್ಮ ಸಾರು ಬಡಿಸುತ್ತಾ, ಯಾರಿಗೂ ಅಲ್ಲ ಎಂಬಂತೆ, "ಆವತ್ತು ಆ ನಾಲ್ಕಡಿ ಬಿಟ್ಟಿದ್ರೆ ಈಗ ಕೊಂಡು ತರೋ ಗತಿ ಬರ್ತಿರ್ಲಿಲ್ಲ," ಅಂದಳು. ವರ್ಷಕ್ಕೆ ಹತ್ತು ಸಲ ಅನ್ನುತ್ತಾಳೆ. ಅಪ್ಪ ಎಂದಿನಂತೆ ಕರಿಬೇವು ಪಕ್ಕಕ್ಕೆ ಜೋಡಿಸುವುದರಲ್ಲಿ ಮಗ್ನರಾದರು. ಇಂಥ ಹೊತ್ತಿಗೆ ಅಪ್ಪನ ಮೇಲೆ ಒಂದು ಜೋಕ್ ಹಾರಿಸುವುದು ನನ್ನ ಪದ್ಧತಿ. ರೆಡಿ ಇತ್ತು, ಒಳ್ಳೆಯದೇ ಇತ್ತು. ಬಾಯಿ ತೆರೆದೆ.

"ಅಮ್ಮಾ, ಅದು ಅಪ್ಪ ಅಲ್ಲ. ನಾನು. ಡಿಗ್ಗರ್ ಮೇಲೆ ನಾನಿದ್ದೆ."

ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. "ಏನಂದೆ?"

ಹೇಳಿದೆ. ಲಿವರ್, ಫ್ರೆಂಡ್ಸ್, ನಮಸ್ಕಾರ ಎಲ್ಲ. ಒಂದಕ್ಕೂ ಬಣ್ಣ ಹಚ್ಚಲಿಲ್ಲ. ಬಣ್ಣ ಇಲ್ಲದೆ ಹೇಳಿದರೆ ಅದು ಎಷ್ಟು ಚಿಕ್ಕದಾಗಿ ಮುಗಿದುಹೋಗುತ್ತದೆ ಅಂತ ಆಗಲೇ ಗೊತ್ತಾದದ್ದು.

"ಈಗ್ಯಾಕೆ ಅದೆಲ್ಲ, ಪುಟ್ಟಿ," ಅಂದರು ಅಪ್ಪ.

ಅಮ್ಮ ಅಪ್ಪನ ಕಡೆ ತಿರುಗಿದಳು. "ನಾಲ್ಕು ವರ್ಷ ಸುಮ್ನೆ ಬೈಸ್ಕೊಂಡ್ರಾ?"

"ಸುಮ್ನೇನಲ್ಲ ಬಿಡು. ಮಣ್ಣು ಎರಡ್ಸಲ ಎತ್ತಿಸಿದ್ದು ನಾನೇ ತಾನೆ? ಬೈದಿದ್ದನ್ನ ಅದರ ಲೆಕ್ಕಕ್ಕೆ ಹಾಕ್ಕೊಂಡೆ."

ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಿತ್ತು. ನನ್ನ ತಟ್ಟೆಗೆ ಬೀಳಲಿಲ್ಲ. ನಾನು ಮಾಡಿದ ಅಪ್ಪನ ನಡಿಗೆಗೆ ಜನ ಶಿಳ್ಳೆ ಹಾಕುವಾಗ ಮುಂದಿನ ಸಾಲಿನಲ್ಲಿ ಕೂತು ಅಪ್ಪನೂ ನಕ್ಕಿದ್ದರು. ಅದು ನೆನಪಾಗಿ ನಾನೂ ಕರಿಬೇವು ಪಕ್ಕಕ್ಕೆ ಜೋಡಿಸತೊಡಗಿದೆ.

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಉತ್ತರದ ಬೇಲಿಯ ಹತ್ತಿರ ಕಾಂಕ್ರೀಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದನೆಯ ಚೌಕ ಬರೆದಿದ್ದಳು.

"ಇಷ್ಟು ಒಡೀರಿ. ಇಬ್ರೂ."

ಅಪ್ಪ ಒಡೆಯುವ ಯಂತ್ರ ಬಾಡಿಗೆಗೆ ತಂದರು. ನಾನು ಸ್ವಲ್ಪ, ಅವರು ಸ್ವಲ್ಪ; ಸಂಜೆಗೆ ಇಬ್ಬರ ಕೈಯೂ ಚಮಚ ಹಿಡಿಯಲಾರದಷ್ಟು ಜುಮ್ಮೆನ್ನುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಚಪ್ಪಡಿ ಎತ್ತಿ ನೋಡಿದರೆ ಕೆಳಗೆ ಬೂದಿ ಹಳದಿಯ ನೆಲ, ಒದ್ದೆ ರಟ್ಟಿನ ವಾಸನೆ. ಒಂದು ಹುಳುವಿಲ್ಲ. ಗುದ್ದಲಿ ಹಾಕಿದರೆ ಠಣ್ ಅಂದಿತು.

ಇವತ್ತು ಮೆಲೆ ಆಂಟಿ ಒಂದು ಪೇಪರ್ ಪೊಟ್ಟಣದಲ್ಲಿ ಲ್ಯೂಪಿನ್ ಅನ್ನುವ ಹಸಿರು ಗೊಬ್ಬರದ ಗಿಡದ ಬೀಜ ತಂದುಕೊಟ್ಟರು. ತಿನ್ನುವುದಕ್ಕಲ್ಲ, ಬೆಳೆಸಿ, ಅಲ್ಲೇ ಕತ್ತರಿಸಿ, ಅಲ್ಲೇ ಕೊಳೆಯಲು ಬಿಟ್ಟರೆ ಅದರ ಬೇರು ಜೇಡಿಯನ್ನು ಸೀಳುತ್ತಾ ಹೋಗುತ್ತದಂತೆ. ಅಮ್ಮ ಬೀಜ ಎರಚಿ, ಮೇಲೆ ಒಣಹುಲ್ಲು ಹೊದಿಸುತ್ತಿದ್ದಳು. ಅಪ್ಪನಿಗೆ ತಡೆಯಲಾಗಲಿಲ್ಲ. ಟಿಲ್ಲರ್ ತಂದು ಒಂದು ಸಲ ಉತ್ತುಬಿಡಲಾ, ಜೇಡಿ ಸಡಿಲವಾಗಲು ಜಿಪ್ಸಮ್ ಹಾಕಿಸಲಾ ಅಂದರು. ನಾನು ಗುದ್ದಲಿ ಎತ್ತಿಕೊಂಡು, ಒಂದಡಿ ಆಳಕ್ಕೆ ನಾನೇ ಅಗೆದುಕೊಡುತ್ತೇನೆ ಅಂದೆ.

ಅಮ್ಮ ತಲೆಯೆತ್ತದೆ ಹುಲ್ಲು ಹರವುತ್ತಲೇ ಇದ್ದಳು.

"ಅವರೆ ಯಾವಾಗ ಹಾಕ್ಬಹುದು?" ಅಪ್ಪ ಕೇಳಿದರು.

"ನೀವಿಬ್ರೂ ಮುಟ್ಟದೇ ಇದ್ರೆ, ಮೂರ್ನಾಲ್ಕು ವರ್ಷಕ್ಕೆ."

ನಾನು ಗುದ್ದಲಿ ಬೇಲಿಗೆ ಒರಗಿಸಿದೆ. ಅಪ್ಪನೂ ನಾನೂ ಅಕ್ಕಪಕ್ಕ, ಕೈ ಹಿಂದೆ ಕಟ್ಟಿಕೊಂಡು ನಿಂತೆವು.